ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಕೇಳುವ ಆಸ್ಪತ್ರೆ: ಕೋಲಾರದ ಒಂದು ತುರ್ತು ಚಿಕಿತ್ಸಾ ವಿಭಾಗದ ವಿಮರ್ಶೆ

ಇದು ಕೋಲಾರ ಪೇಟೆಯೊಳಗಿನ ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಗೆಗಿನ ಬರಹ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಚಿಕಿತ್ಸೆ ಪಡೆದವರು ನನ್ನ ಸೋದರಮಾವ, ಕಾಯಿಲೆ ಕುಡಿತಕ್ಕೆ ಸಂಬಂಧಿಸಿದ್ದು, ಊರು ಚಿಕ್ಕದು. ಹೆಸರು ಬರೆದರೆ ರೋಗಿ ಯಾರೆಂಬುದು ಎ.ಪಿ.ಎಂ.ಸಿ. ಟೊಮೆಟೊ ಮಂಡಿಯಲ್ಲಿ ಮರುದಿನವೇ ತಿಳಿದುಹೋಗುತ್ತದೆ. ಹೆಸರಿಲ್ಲದಿದ್ದರೂ ಅಲ್ಲಿ ಏನು ಕೇಳಿದರು, ಏನು ಮಾಡಿದರು, ಏನು ಮಾಡಲಾರದೆ ಹೋದರು ಎಂಬುದನ್ನು ವಿವರವಾಗಿ ಬರೆದರೆ ಓದುವವರು ತಮ್ಮ ಊರಿನ ಆಸ್ಪತ್ರೆಯನ್ನು ಅಳೆಯಲು ಅದು ಸಾಕಾಗುತ್ತದೆ ಎಂದುಕೊಂಡಿದ್ದೇನೆ.

ಕೋಲಾರದವರಿಗೆ ಆಯ್ಕೆಗಳಿಲ್ಲವೆಂದಲ್ಲ. ಸರ್ಕಾರಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಪೇಟೆಯಲ್ಲಿಯೇ ಇದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ, ಹೆದ್ದಾರಿ ಹಿಡಿದರೆ ಬೆಂಗಳೂರು ಇದೆ. ಆದರೂ ರಾತ್ರಿ ಹೊತ್ತು ಏನಾದರೂ ಆದಾಗ ಮನೆಯವರು ಮೊದಲು ಓಡುವುದು ಹತ್ತಿರದ, ಪರಿಚಯದ ಖಾಸಗಿ ಆಸ್ಪತ್ರೆಗೆ. ಎದೆನೋವು, ಅಪಘಾತ, ಹಾವು ಕಡಿತ ಇವುಗಳನ್ನು ಯಾವ ತುರ್ತು ವಿಭಾಗವಾದರೂ ಕಂಡ ಕೂಡಲೇ ಗುರುತಿಸುತ್ತದೆ. ಗುರುತಿಸುವುದು ಕಷ್ಟವಾಗುವುದು ಮಾತ್ರೆಯಿಂದ ಅಥವಾ ಮದ್ಯದಿಂದ ಬರುವ, ಅಪರೂಪಕ್ಕೆ ಕಾಣುವ ತುರ್ತುಸ್ಥಿತಿಗಳನ್ನು. ಏಕೆಂದರೆ ಅವು ನಮ್ಮ ಕಡೆ ಬೇರೆ ಹೆಸರಿನಲ್ಲಿ ಬರುತ್ತವೆ. ಒಂದು ಗಾಳಿ ಸೋಕಿದಂತೆ ಕಾಣುತ್ತದೆ, ಇನ್ನೊಂದು ಹುಚ್ಚಿನಂತೆ, ಮತ್ತೊಂದು ಮೈಮೇಲೆ ಅಮ್ಮ ಎದ್ದಂತೆ, ಹಲವು ಬರೀ ಅಮಲಿನಂತೆ. ಆದ್ದರಿಂದ ತುರ್ತು ವಿಭಾಗವನ್ನು ನಾನು ಅಲ್ಲಿನ ಯಂತ್ರಗಳಿಂದಾಗಲಿ ಎ.ಸಿ.ಯಿಂದಾಗಲಿ ಅಳೆಯುವುದಿಲ್ಲ. ರೋಗಿಯನ್ನು ಮಲಗಿಸಿದ ಮೊದಲ ಐದು ನಿಮಿಷಗಳಲ್ಲಿ ಅಲ್ಲಿನವರು ಯಾವ ಪ್ರಶ್ನೆಗಳನ್ನು ಕೇಳುತ್ತಾರೆ ಎಂಬುದೇ ನನ್ನ ಅಳತೆಗೋಲು.

ಮಾವ ತೋಟದ ಬದುವಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡು ಬೇರೊಂದು ಆಸ್ಪತ್ರೆಗೆ ಸೇರಿದ್ದರು. ಅಲ್ಲಿ ಮೂಳೆಯ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಮೂರನೆಯ ರಾತ್ರಿ ಅವರು ಹೊದಿಕೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಒಂದೇ ಸಮನೆ ಕೊಡವತೊಡಗಿದರು, ಗ್ಲೂಕೋಸಿನ ಸೂಜಿ ಕಿತ್ತರು, ಎಂದೋ ತೀರಿಹೋದ ಅಣ್ಣನನ್ನು ಕರೆದು ಮಾತನಾಡಿಸಿದರು. ಮೈಯೆಲ್ಲ ಬೆವರು, ಕೈ ನಿಲ್ಲದ ನಡುಕ, ಮುಟ್ಟಿದರೆ ಜ್ವರ. ಪಕ್ಕದ ಹಾಸಿಗೆಯವರು ಗಾಳಿ ಎಂದರು, ಸಿಬ್ಬಂದಿ ಬ್ಯಾಂಡೇಜ್ ಬಟ್ಟೆಯಿಂದ ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು. ಆ ಆಸ್ಪತ್ರೆಯ ದಾಖಲಾತಿ ಹಾಳೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಲರ್ಜಿ ಎಲ್ಲವೂ ಬರೆದಿತ್ತು. ಅಭ್ಯಾಸಗಳು ಎಂಬ ಕಾಲಂನಲ್ಲಿ ಒಂದು ಗೆರೆ ಎಳೆದಿತ್ತು.

ಈ ವಿಮರ್ಶೆಯ ಆಸ್ಪತ್ರೆಗೆ ಅವರನ್ನು ತಂದಾಗ ಡ್ಯೂಟಿಯಲ್ಲಿದ್ದ ವೈದ್ಯೆ ಆ ಹಾಳೆಯನ್ನು ಒಮ್ಮೆ ನೋಡಿ ಬದಿಗಿಟ್ಟು, ಅತ್ತೆಯನ್ನು ಪರದೆಯ ಆಚೆಗೆ ಕರೆದುಕೊಂಡು ಹೋದರು. ಕುಡಿಯುತ್ತಾರೆಯೇ ಎಂದು ಕೇಳಲಿಲ್ಲ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಕೇಳಿದರು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಮನೆಯವರ ಉತ್ತರ ಯಾವಾಗಲೂ ಒಂದೇ. ಅತ್ತೆ ಎರಡನೆಯದಕ್ಕೂ ಅದನ್ನೇ ಹೇಳಿದರು.

"ಸ್ವಲ್ಪ ತಗೋತಾರೆ ಮೇಡಂ, ದಿನಾ ಏನಿಲ್ಲ."

"ಅಮ್ಮಾ, ಬಯ್ಯೋಕೆ ಕೇಳ್ತಿಲ್ಲ, ಔಷಧಿ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕೋಕೆ ಕೇಳ್ತಿದೀನಿ. ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗುತ್ತಾ? ಒಂದು ಗುಟುಕು ಬಿದ್ದ ಮೇಲೆ ನಡುಕ ನಿಲ್ಲುತ್ತಾ?"

ಅತ್ತೆ ತಲೆಯಾಡಿಸಿದರು. ದಿನಕ್ಕೆ ಎಷ್ಟು ಕ್ವಾರ್ಟರ್, ಎಷ್ಟು ವರ್ಷದಿಂದ, ಹಿಂದೆ ಎಂದಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತೆ ಎಂಬುದೆಲ್ಲ ಆಮೇಲೆ ಒಂದೊಂದಾಗಿ ಹೊರಬಂತು.

ಆ ಪ್ರಶ್ನೆಯ ಹಿಂದಿನ ಲೆಕ್ಕ ಇದು. ವರ್ಷಗಟ್ಟಲೆ ನಿತ್ಯ ಕುಡಿದವರು ಏಕಾಏಕಿ ನಿಲ್ಲಿಸಿದರೆ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಶುರುವಾಗುತ್ತವೆ. ಮೊದಲ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. 48ರಿಂದ 96 ಗಂಟೆಗಳ ನಡುವೆ ಇನ್ನು ಕೆಲವರಿಗೆ ಸನ್ನಿ ಹಿಡಿಯುತ್ತದೆ, ವೈದ್ಯರು ಅದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಅಂದರೆ ಕಾಲು ಮುರಿದು ಆಸ್ಪತ್ರೆ ಸೇರಿದವನಿಗೆ ಮೂರನೆಯ ದಿನ ಬರುವ ಹುಚ್ಚು ಕಾಲಿನದಲ್ಲ, ಅರಿವಳಿಕೆಯದೂ ಅಲ್ಲದಿರಬಹುದು, ನಿಂತುಹೋದ ಮದ್ಯದ್ದು. ಅಯ್ಯಪ್ಪನ ಮಾಲೆ ಹಾಕಿಕೊಂಡು ಒಂದೇ ದಿನಕ್ಕೆ ಬಿಟ್ಟವರಿಗೂ, ಠಾಣೆಯಲ್ಲಿ ಕುಳಿತವರಿಗೂ, ಜ್ವರವೆಂದು ಮನೆಯಲ್ಲಿ ಮಲಗಿ ಅಂಗಡಿಗೆ ಹೋಗಲಾಗದವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲದು. ಕುಡಿತ ಬಿಡುವುದು ಒಳ್ಳೆಯದೇ. ಆದರೆ ಬೆಳಿಗ್ಗೆಯೇ ಬೇಕಾಗುವ ಮಟ್ಟಕ್ಕೆ ಹೋದವರು ವೈದ್ಯರ ನೆರವಿಲ್ಲದೆ ಥಟ್ಟನೆ ಬಿಡುವುದು ಅಪಾಯ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೇಳಿದರೆ ಕುಡಿತಕ್ಕೆ ವಕಾಲತ್ತು ಮಾಡಿದಂತೆ ಕೇಳಿಸುತ್ತದೆ, ಅದು ಬೇರೆ ವಿಷಯ.

ನಡುಕ, ಉದ್ರೇಕ ತಣಿಸುವ ಲೊರಾಜೆಪಾಮ್ ಇಂಜೆಕ್ಷನ್ ಕೊಟ್ಟು ಕೈಕಟ್ಟು ಬಿಚ್ಚಿಸಿದರು. ಅದಕ್ಕೂ ಮೊದಲು ಸಿಸ್ಟರ್ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದರು. ಗ್ಲೂಕೋಸ್ ಬಾಟಲಿ ಏರಿಸುವ ಮುಂಚೆಯೇ ಥಯಮಿನ್ ಎಂಬ ಬಿ-1 ವಿಟಮಿನ್ ರಕ್ತನಾಳಕ್ಕೆ ಹೋಯಿತು. ಈ ಕ್ರಮವನ್ನು ನಾನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಊಟ ಬಿಟ್ಟು ಕುಡಿಯುವವರ ದೇಹದಲ್ಲಿ ಥಯಮಿನ್ ಬರಿದಾಗಿರುತ್ತದೆ. ಅಂಥವರಿಗೆ ಬರೀ ಗ್ಲೂಕೋಸ್ ಹಾಕುತ್ತ ಹೋದರೆ ಇದ್ದಬದ್ದ ಥಯಮಿನ್ ಕೂಡ ಖರ್ಚಾಗಿ, ವರ್ನಿಕೆ ಎಂಬ ಮಿದುಳಿನ ತೊಂದರೆ ಉಂಟಾಗಬಹುದು ಅಥವಾ ಇರುವುದು ಉಲ್ಬಣಿಸಬಹುದು. ಗೊಂದಲ, ನಡೆಯುವಾಗ ತೂರಾಟ, ಕಣ್ಣುಗುಡ್ಡೆಯ ಚಲನೆಯಲ್ಲಿ ಏರುಪೇರು ಇವು ಅದರ ಮೂರು ಲಕ್ಷಣಗಳು, ಆದರೆ ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ಸಕಾಲಕ್ಕೆ ಥಯಮಿನ್ ಸಿಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುವುದುಂಟು. ಮಾತ್ರೆಯ ರೂಪದಲ್ಲಿ ಕೊಟ್ಟರೆ ಕುಡಿಯುವವರ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಇಂಜೆಕ್ಷನ್ನೇ ಬೇಕು. ವೈದ್ಯೆ ಮಾವನ ಗದ್ದವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ತೋರುಬೆರಳನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಸರಿಸಿ, ಕಣ್ಣು ಬೆರಳನ್ನು ಕೊನೆಯವರೆಗೆ ಹಿಂಬಾಲಿಸುತ್ತದೆಯೇ, ತುದಿಯಲ್ಲಿ ಅದುರುತ್ತದೆಯೇ ಎಂದು ನೋಡಿದರು. ಬೆಳಗಿನ ಜಾವ ಮತ್ತೊಮ್ಮೆ ಬಂದು ಅದೇ ಪರೀಕ್ಷೆ ಮಾಡಿದರು. ಸಕ್ಕರೆ ತೀರಾ ಕಡಿಮೆ ಇದ್ದರೆ ಥಯಮಿನ್‌ಗಾಗಿ ಕಾಯದೆ ಗ್ಲೂಕೋಸ್ ಕೊಡಲೇಬೇಕು ಎಂಬುದನ್ನೂ ಅವರೇ ಹೇಳಿದರು.

ಆ ವಿಭಾಗದಲ್ಲಿ ಕಾದು ಕುಳಿತಿದ್ದಾಗ ಇತರ ಹಾಸಿಗೆಗಳ ಸಮಾಚಾರ ಕಣ್ಣಿಗೆ ಬೀಳದೆ ಇರುವುದಿಲ್ಲ, ಪರದೆಗಳು ಅಷ್ಟು ಗಿಡ್ಡವಾಗಿವೆ. ಇದನ್ನು ದೂರಿನ ಪಟ್ಟಿಗೆ ಸೇರಿಸಬೇಕು. ಆದರೆ ಆ ಗಿಡ್ಡ ಪರದೆಯಿಂದಲೇ ನಾನು ಇನ್ನೊಂದು ಪ್ರಸಂಗವನ್ನು ನೋಡಿದೆ. ಕಾಲೇಜು ಓದುವ ವಯಸ್ಸಿನ ಹುಡುಗಿಯೊಬ್ಬಳನ್ನು ತಂದೆ ಎತ್ತಿಕೊಂಡು ಬಂದರು. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತ್ತು, ಕಣ್ಣುಗಳು ಮೇಲಕ್ಕೆ ನೆಟ್ಟಿದ್ದವು, ನಾಲಿಗೆ ಹೊರಚಾಚಿತ್ತು. ಆದರೆ ಎಚ್ಚರವಿತ್ತು, ಹೆದರಿ ಅಳುತ್ತಿದ್ದಳು. ಧನುರ್ವಾಯು ಎಂದು ಮನೆಯವರು, ಫಿಟ್ಸ್ ಎಂದು ಆಟೋದವನು. ಸಿಸ್ಟರ್ ಕೇಳಿದ್ದು ಒಂದೇ: "ಎರಡು ದಿನದಲ್ಲಿ ವಾಂತಿಗೆ ಏನಾದ್ರೂ ಇಂಜೆಕ್ಷನ್ ಹಾಕಿಸಿದ್ರಾ, ಮಾತ್ರೆ ತಗೊಂಡ್ರಾ ಅಣ್ಣ?" ಹಾಕಿಸಿದ್ದರು. ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂತಹ ಔಷಧಿಗಳು ಮಕ್ಕಳಲ್ಲಿ, ಹರೆಯದವರಲ್ಲಿ ಕೆಲವೊಮ್ಮೆ ಹೀಗೆ ಸ್ನಾಯುಗಳನ್ನು ಹಿಡಿದುಬಿಡುತ್ತವೆ. ಪ್ರೊಮೆಥಜಿನ್ ಚುಚ್ಚಿದ ಮೇಲೆ, ತಂದೆ ಹೊರಗೆ ಹೋಗಿ ಚಹಾ ತರುವಷ್ಟರಲ್ಲಿ, ಕುತ್ತಿಗೆ ನೆಟ್ಟಗಾಗಿತ್ತು. ಗುರುತಿಸದಿದ್ದರೆ ಇದೇ ಹುಡುಗಿಗೆ ತಲೆಯ ಸ್ಕ್ಯಾನ್, ಫಿಟ್ಸಿನ ಮಾತ್ರೆ, ಅದಕ್ಕೂ ಮೊದಲು ಒಂದು ತಾಯಿತ ಎಲ್ಲ ಆಗುತ್ತಿತ್ತು. ಮತ್ತೆ ಎಂದೂ ಆ ಔಷಧಿ ಕೊಡಬಾರದೆಂದು ಅದರ ಹೆಸರನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಟ್ಟದ್ದನ್ನು ಮೆಚ್ಚಲೇಬೇಕು.

ಮೆಚ್ಚಲಾಗದ ಸಂಗತಿಯೂ ಅದೇ ರಾತ್ರಿ ನಡೆಯಿತು. ಮದ್ಯದ ವಾಸನೆ ಹೊಡೆಯುತ್ತಿದ್ದ, ಮಾತು ತೊದಲುತ್ತಿದ್ದ ಮಧ್ಯವಯಸ್ಕರೊಬ್ಬರನ್ನು ಇಬ್ಬರು ಕರೆತಂದಾಗ ಬಾಗಿಲ ಕಾವಲುಗಾರ, ಇಳಿದ ಮೇಲೆ ಕರೆದುಕೊಂಡು ಬನ್ನಿ ಎಂದು ನಕ್ಕು ಹೊರಗಿನ ಬೆಂಚು ತೋರಿಸಿದ. ಒಳಗಿನಿಂದ ಸಿಸ್ಟರ್ ಕಂಡು ಗದರಿ ಒಳಕ್ಕೆ ಕರೆಸಿಕೊಳ್ಳದಿದ್ದರೆ ಅವರು ಬೆಂಚಿನ ಮೇಲೆಯೇ ಉಳಿಯುತ್ತಿದ್ದರು. ಸಕ್ಕರೆ ನೋಡಿದಾಗ ಯಂತ್ರದ ಮೇಲೆ ಬಂದ ಸಂಖ್ಯೆ 38, ಅಂದರೆ ತೀರಾ ಕಡಿಮೆ. ಅವರು ಗ್ಲಿಮೆಪಿರೈಡ್ ಎಂಬ ಷುಗರ್ ಮಾತ್ರೆ ನುಂಗಿ, ಊಟ ಮಾಡದೆ ಕುಡಿದಿದ್ದರು. ಹೊಟ್ಟೆ ಖಾಲಿ ಇದ್ದಾಗ ಸಕ್ಕರೆಯನ್ನು ತಯಾರಿಸಿ ಕೊಡುವುದು ಯಕೃತ್ತು. ಮದ್ಯ ಆ ಕೆಲಸವನ್ನು ತಡೆಯುತ್ತದೆ, ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಬೆವರು, ತೊದಲು, ತೂರಾಟ, ಜಗಳಗಂಟತನ ಎಲ್ಲವೂ ಅಮಲಿನಂತೆಯೇ ಕಾಣುವುದರಿಂದ ಇಂಥವರು ರಸ್ತೆ ಬದಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಲಗಿದಲ್ಲಿಯೇ ಹೋಗಿಬಿಡುವ ಅಪಾಯವಿದೆ. ಗ್ಲೂಕೋಸ್ ಹಾಕಿದ ಸ್ವಲ್ಪ ಹೊತ್ತಿಗೆ ಅವರು ಎದ್ದು ಕುಳಿತು ಮನೆಗೆ ಹೊರಟರು, ಜೊತೆಗಿದ್ದವರೂ ಬಿಲ್ ಬೆಳೆಸಲು ಇಟ್ಟುಕೊಳ್ಳುತ್ತಿದ್ದಾರೆ ಎಂದು ಕೂಗಾಡಿದರು. ಈ ಗುಂಪಿನ ಮಾತ್ರೆಗಳ ಪ್ರಭಾವ ಒಂದು ದಿನದವರೆಗೂ ಇರುವುದರಿಂದ ಸಕ್ಕರೆ ಮತ್ತೆ ಕುಸಿಯಬಹುದು, 24 ಗಂಟೆ ಇರಲೇಬೇಕು ಎಂದು ವೈದ್ಯೆ ಪಟ್ಟು ಹಿಡಿದದ್ದು ಸರಿಯಾಗಿತ್ತು. ಖಾಸಗಿ ಆಸ್ಪತ್ರೆ ಇರಿಸಿಕೊಂಡರೆ ದುಡ್ಡಿಗೆ ಎಂಬ ಅನುಮಾನ ನಮಗೆಲ್ಲ ಇದೆ, ಹಲವೆಡೆ ಅದು ನಿಜವೂ ಇರಬಹುದು; ಇಲ್ಲಿ ಮಾತ್ರ ಅಲ್ಲ. ಕಾವಲುಗಾರನಿಗೆ ಒಂದು ಗ್ಲೂಕೋಮೀಟರಿನ ಬೆಲೆಯ ತರಬೇತಿ ಕೊಟ್ಟರೂ ಸಾಕಿತ್ತು.

ಆಸ್ಪತ್ರೆಗೆ ಅಂಟಿಕೊಂಡಿರುವ ಔಷಧಿ ಅಂಗಡಿಯ ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಿ ಹಾಕಲು ಕುಡಿತ ಬಿಡಿಸುವ ಮಾತ್ರೆ ಕೊಡಿ ಎಂದು ಕೇಳಿದ ಹೆಂಗಸಿಗೆ ಅಲ್ಲಿನ ಫಾರ್ಮಸಿಸ್ಟ್ ಕೊಡಲಿಲ್ಲ, ಜೊತೆಗೆ ಏಕೆ ಕೊಡುವುದಿಲ್ಲ ಎಂದೂ ಹೇಳಿದರು. ಆ ಮಾತ್ರೆ ಡೈಸಲ್ಫಿರಾಮ್. ಅದು ದೇಹದಲ್ಲಿರುವಾಗ ಮದ್ಯ ಒಳಹೋದರೆ ಅರ್ಧ ಗಂಟೆಯೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಉಂಟಾಗುತ್ತವೆ; ಹೃದಯ ದುರ್ಬಲವಾಗಿದ್ದರೆ ಜೀವಕ್ಕೇ ಕುತ್ತು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗಿದವರಿಗೆ ಅದು ಉಪಕಾರಿ. ತಿಳಿಯದೆ ಉಂಡವನು ಸಂಜೆ ಎಂದಿನಂತೆ ಅಂಗಡಿಗೆ ಹೋಗುತ್ತಾನೆ, ಅಲ್ಲೇ ಕುಸಿಯುತ್ತಾನೆ, ತುರ್ತು ವಿಭಾಗದಲ್ಲಿ ಯಾರಿಗೂ ಕಾರಣ ತಿಳಿಯುವುದಿಲ್ಲ. ಹೀಗೆ ಸಾರಿನಲ್ಲಿ ಹಾಕಿದವರು ಭಯಕ್ಕೆ ಬಾಯಿ ಬಿಡದೆ ಇರುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಇಷ್ಟು ಎಚ್ಚರವಿರುವ ಅದೇ ಅಂಗಡಿ, ಊರಿನ ಇತರ ಮೆಡಿಕಲ್ ಸ್ಟೋರುಗಳಂತೆ, ಮಾತ್ರೆಯ ಹಾಳೆಯನ್ನು ಕತ್ತರಿಸಿ ನಾಲ್ಕೈದು ಬಿಡಿ ಮಾತ್ರೆ ಕೊಡುತ್ತದೆ. ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಯಾವುದೂ ಆ ತುಂಡಿನ ಮೇಲೆ ಉಳಿದಿರುವುದಿಲ್ಲ. ಒಳಗೆ ವೈದ್ಯರು ಯಾವ ಮಾತ್ರೆ ತಗೊಂಡಿರಿ ಎಂದು ಕೇಳುವುದು, ಹೊರಗೆ ಅದೇ ಸಂಸ್ಥೆಯ ಅಂಗಡಿ ಮಾತ್ರೆಯ ಹೆಸರನ್ನು ಕತ್ತರಿಸಿ ಎಸೆಯುವುದು. ಇದರಿಂದ ಆಗಬಹುದಾದ ಅನಾಹುತಕ್ಕೆ ಉದಾಹರಣೆಯನ್ನೂ ವೈದ್ಯೆಯೇ ಕೊಟ್ಟರು. ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್, ಸಲ್ಫಾ ಗುಂಪಿನ ಔಷಧಿಗಳು ಇವು ಶುರುವಾದ ಮೊದಲ ಕೆಲವು ವಾರಗಳಲ್ಲಿ, ಬಹಳ ಅಪರೂಪಕ್ಕೆ, ಸ್ಟೀವನ್ಸ್–ಜಾನ್ಸನ್ ಎಂಬ ಭೀಕರ ಚರ್ಮದ ತೊಂದರೆ ತರುತ್ತವೆ. ಮೊದಲು ಜ್ವರ, ಕಣ್ಣು ಕೆಂಪು, ಬಾಯಲ್ಲಿ ಹುಣ್ಣು. ಆಮೇಲೆ ಮುಟ್ಟಿದರೆ ಉರಿಯುವ ಕೆಂಪು ಚರ್ಮ, ಬೊಬ್ಬೆ, ಸುಲಿತ. ನಮ್ಮ ಹಳ್ಳಿಗಳಲ್ಲಿ ಇದನ್ನು ಅಮ್ಮ ಎಂದುಕೊಂಡು ಬೇವಿನ ಸೊಪ್ಪು ಹಾಸಿ ಮಲಗಿಸಿ, ಮಾತ್ರೆಯನ್ನು ಮಾತ್ರ ತಪ್ಪದೆ ಮುಂದುವರಿಸುತ್ತಾರೆ. ಇಲ್ಲಿ ಮೊದಲ ಚಿಕಿತ್ಸೆಯೇ ಆ ಮಾತ್ರೆಯನ್ನು ನಿಲ್ಲಿಸುವುದು. ಯಾವುದೆಂದು ತಿಳಿಯದೆ ಏನನ್ನು ನಿಲ್ಲಿಸುವುದು? ರಕ್ತದೊತ್ತಡಕ್ಕೆ ಎನಲಾಪ್ರಿಲ್ ಗುಂಪಿನ ಮಾತ್ರೆ ನುಂಗುವವರಿಗೆ, ವರ್ಷಗಳ ನಂತರವೂ, ತುರಿಕೆಯಿಲ್ಲದೆ ತುಟಿ, ನಾಲಿಗೆ ಊದಿಕೊಳ್ಳುವುದೂ ಇಂಥದ್ದೇ. ಅಲರ್ಜಿಯ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಉಸಿರಿನ ದಾರಿ ಮುಚ್ಚಿಕೊಳ್ಳುವ ಮೊದಲು ಆಸ್ಪತ್ರೆ ಸೇರಬೇಕು.

ಈ ವಿಭಾಗದ ಮಿತಿಯನ್ನೂ ಹೇಳಬೇಕು. ಇಲ್ಲಿ ಡಯಾಲಿಸಿಸ್ ಇಲ್ಲ, ರಕ್ತದ ಆಮ್ಲೀಯತೆಯನ್ನು ಅಳೆಯುವ ಪರೀಕ್ಷೆಗೂ ಹೊರಗೆ ಕಳಿಸುತ್ತಾರೆ. ಮಿಥನಾಲ್ ಎಂಬ ವಿಷಕಾರಿ ಮದ್ಯಸಾರ ಬೆರೆತ ಮದ್ಯ ಕುಡಿದವರಿಗೆ ಇವೆರಡೂ ಬೇಕು. ಈ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ವಿಷಯವಲ್ಲ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ, ಕರ್ನಾಟಕ–ತಮಿಳುನಾಡು ಗಡಿಯ ಎರಡೂ ಬದಿಗಳಲ್ಲಿ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಜನ ಬಲಿಯಾದರು, ಕೋಲಾರ ಜಿಲ್ಲೆಯವರೂ ಅದರಲ್ಲಿದ್ದರು. ಮಿಥನಾಲಿನ ಮೋಸವಿರುವುದು ಅದರ ತಡದಲ್ಲಿ: ಕುಡಿದ ರಾತ್ರಿ ಸಾಮಾನ್ಯ ಅಮಲು, 12ರಿಂದ 24 ಗಂಟೆಗಳ ನಂತರ, ಸಾಮಾನ್ಯ ಮದ್ಯವನ್ನೂ ಜೊತೆಗೆ ಕುಡಿದಿದ್ದರೆ ಇನ್ನೂ ತಡವಾಗಿ, ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣ ಮುಂದೆ ಬೆಳ್ಳಗೆ ಮಂಜು ಕವಿದಂತೆ ಮಸುಕು. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ. ಒಂದೇ ಕಡೆ ಕುಡಿದ ಇಬ್ಬರಿಗೆ ಹೀಗಾದರೆ ಮೂರನೆಯವರು ಆರಾಮವಾಗಿದ್ದರೂ ಕರೆತರಬೇಕು. ಇಂಥ ಪ್ರಕರಣ ಬಂದರೆ ತಾವು ಇಟ್ಟುಕೊಳ್ಳದೆ, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, 108 ಕರೆಸಿ ಕಳಿಸುತ್ತೇವೆ ಎಂದು ವೈದ್ಯೆ ನೇರವಾಗಿ ಹೇಳಿದರು. ತನ್ನಿಂದಾಗದ್ದನ್ನು ಒಪ್ಪಿಕೊಳ್ಳುವ ಖಾಸಗಿ ಆಸ್ಪತ್ರೆಗೆ ನಾನು ಒಂದು ಅಂಕ ಹೆಚ್ಚೇ ಕೊಡುತ್ತೇನೆ.

ಬಿಲ್ ಸಾಲುಸಾಲಾಗಿ ಬಿಡಿಸಿ ಬರೆದಿತ್ತು, ಮುಂಗಡ ಕಟ್ಟುವವರೆಗೆ ಚಿಕಿತ್ಸೆ ತಡೆಯಲಿಲ್ಲ. ನೆಲ ಸ್ವಚ್ಛ, ಶೌಚಾಲಯ ಅಷ್ಟಕ್ಕಷ್ಟೆ. ರಾತ್ರಿ ಮನೋವೈದ್ಯರು ಇರುವುದಿಲ್ಲ, ವಾರದಲ್ಲಿ ಗೊತ್ತಾದ ದಿನ ಬೆಂಗಳೂರಿನಿಂದ ಬರುತ್ತಾರೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಕಾವಲುಗಾರನಿಗೆ, ಇನ್ನರ್ಧ ಕತ್ತರಿ ಹಿಡಿದ ಔಷಧಿ ಅಂಗಡಿಗೆ. ಅಲ್ಲಿಗೆ ಹೋಗುವವರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಕವರು, ಚೀಟಿ, ಅರಿಷ್ಟದ ಬಾಟಲಿ ಸಹಿತ, ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ. ಕುಡಿತದ ವಿಷಯವನ್ನು ರೋಗಿಯ ಎದುರು ಹೇಳಲು ಸಂಕೋಚವಾದರೆ ಪ್ರತ್ಯೇಕವಾಗಿ ಮಾತನಾಡಬೇಕೆಂದು ಕೇಳಿ, ಅಲ್ಲಿ ಅದಕ್ಕೆ ಅವಕಾಶವಿದೆ.

ಡಿಸ್ಚಾರ್ಜ್ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ. ಕುಡಿತ ನಿಂತಾಗಿನ ನಡುಕ, ಸನ್ನಿ ತಡೆಯಲು ಮಾವನಿಗೆ ಕೊಟ್ಟ ಕ್ಲೋರ್‌ಡಯಜೆಪಾಕ್ಸೈಡ್ ಮಾತ್ರೆಯನ್ನು ದಿನದಿನಕ್ಕೆ ಇಳಿಸುವ ಕ್ರಮವನ್ನು ಸಿಸ್ಟರ್ ಹಿಂಬದಿಯಲ್ಲಿ ಪೆನ್ನಿನಿಂದ ಕನ್ನಡದಲ್ಲಿ ಬರೆದುಕೊಟ್ಟದ್ದರಿಂದ ಅತ್ತೆಗೆ ಅರ್ಥವಾಯಿತು. ಅದು ಅಚ್ಚಿನಲ್ಲಿಯೇ ಇರಬೇಕಿತ್ತು. ಕುಡಿತ ಬಿಡಿಸುವ ಮುಂದಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಎಂದು ಒಂದು ಸಾಲು ಬರೆದಿದ್ದರು, ಯಾವ ವಿಭಾಗವೆಂದು ಬರೆದಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416 ಕೂಡ ಅದರಲ್ಲಿರಲಿಲ್ಲ. ಕೇಳಿದಾಗ ಕೌಂಟರಿನವರು ಹಾಳೆಯನ್ನು ವಾಪಸ್ ತೆಗೆದುಕೊಂಡು ಬರೆದುಕೊಟ್ಟರು.